ಬೂಸ್ಟು ಹಿಡಿದ ಪ್ಲೇಟಿನಿಂದ ತಂಬೂರಿ ಕೇಳುವವರೆಗೆ

ಉಡುಪಿ ಕಡೆಯ ಒಂದು ಹಳೇ ಮನೆಯ ಉಪ್ಪರಿಗೆಯಲ್ಲಿದ್ದ ಶಾಸ್ತ್ರೀಯ ಸಂಗೀತದ ಗ್ರಾಮಾಫೋನ್ ಪ್ಲೇಟುಗಳನ್ನು ಮಂಗಳೂರಿಗೆ ತಂದು, ತೊಳೆದು, ಒಣಗಿಸಿ, ಅವಕ್ಕೆ ತಕ್ಕ ಪ್ಲೇಯರ್ ಸರಿಮಾಡಿಕೊಂಡು, ಈಗ ಕೇಳುವ ಹಂತಕ್ಕೆ ಬಂದು ಮುಟ್ಟಿದ್ದೇನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಶುರುವಾದ ಕೆಲಸ ಮುಗಿದದ್ದು ದೀಪಾವಳಿ ಕಳೆದ ಮೇಲೆ. ಹಳೇ ರೆಕಾರ್ಡಿನ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಒಣ ಹವೆಯ ಊರಿನವರದ್ದು. ನಮ್ಮ ಮಳೆಗಾಲಕ್ಕೂ ಉಪ್ಪುಗಾಳಿಗೂ ಅವು ಅರ್ಧಕ್ಕರ್ಧ ಹೊಂದುವುದಿಲ್ಲ. ಅಟ್ಟದಲ್ಲಿ ಅಜ್ಜನ ಕಾಲದ ಟ್ರಂಕು ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಕೂತವರಿಗೆ ಉಪಯೋಗವಾದೀತೆಂದು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಮನೆ ಕೆಡವುವುದೆಂದು ತೀರ್ಮಾನವಾದ ಮೇಲೆ ಗುಜರಿಯವರು ಪ್ಲೇಟುಗಳನ್ನು ಕಿಲೋ ಲೆಕ್ಕದಲ್ಲಿ ಕೇಳಿದ್ದರು. ಮನೆಯ ಹಿರಿಯಮ್ಮ ಒಪ್ಪಿರಲಿಲ್ಲ. "ಕೇಳ್ಲಿಕ್ಕಾದ್ರೆ ಕೊಂಡೋಗಿ, ಮಾರ್ಲಿಕ್ಕಾದ್ರೆ ಬೇಡ" ಎಂದರು. ಕೇಳಲಿಕ್ಕೇ ಎಂದು ಮಾತು ಕೊಟ್ಟೆ. ಆದರೆ ಮನೆ ಇನ್ನೂ ಪಾಲಾಗಿರಲಿಲ್ಲ, ಒಬ್ಬ ಮಗ ಮುಂಬೈಯಲ್ಲಿದ್ದರು. ಅವರ ಒಪ್ಪಿಗೆ ಬರುವ ತನಕ ಪೆಟ್ಟಿಗೆ ಅಲುಗಲಿಲ್ಲ. ಹೀಗೆ ಕೊಳ್ಳುವವರು ಮೊದಲೇ ಒಂದು ಕಾಗದದಲ್ಲಿ ಎಲ್‌ಪಿ (ನಿಮಿಷಕ್ಕೆ 33⅓ ಸುತ್ತಿನ ದೊಡ್ಡ ಪ್ಲೇಟು) ಎಷ್ಟು, 78ರ ಪ್ಲೇಟು (ನಿಮಿಷಕ್ಕೆ 78 ಸುತ್ತಿನದ್ದು) ಎಷ್ಟು, ಒಟ್ಟು ಹಣ ಎಷ್ಟು ಎಂದು ಬರೆದು, ಮನೆಯವರ ಸಹಿ ಹಾಕಿಸಿ, ದೂರದಲ್ಲಿರುವ ಪಾಲುದಾರರಿಗೆ ಅದರ ಫೋಟೋ ವಾಟ್ಸಾಪ್ ಮಾಡಿ "ಸರಿ" ಎಂಬ ಉತ್ತರ ತರಿಸಿಕೊಳ್ಳಿ. ವರ್ಷ ಕಳೆದ ಮೇಲೆ ಯಾರಾದರೂ "ಅಪ್ಪನ ಪ್ಲೇಟು ಎಲ್ಲಿ ಹೋಯಿತು" ಎಂದು ಕೇಳಿದರೆ ಆ ಕಾಗದ ಒಂದೇ ಆಧಾರ. 60 ಎಲ್‌ಪಿಗೆ ತಲಾ 150 ರೂಪಾಯಿ, 40 ಹಳೇ 78ಕ್ಕೆ ತಲಾ 40 ರೂಪಾಯಿ, ಒಟ್ಟು 10,600 ಆಯಿತು. ಸ್ಥಿತಿ ನೋಡಿದರೆ ಅದು ನ್ಯಾಯವಾದ ಬೆಲೆ.

ಕೊಳ್ಳುವ ಮೊದಲು ಎರಡು ಜಾತಿಯನ್ನು ಬೇರೆ ಮಾಡಲು ಗೊತ್ತಿರಬೇಕು. ತೂಕವಾಗಿ, ಸ್ವಲ್ಪವೂ ಬಾಗದೆ, ಬೆರಳಲ್ಲಿ ತಟ್ಟಿದರೆ ಹಂಚಿನ ಹಾಗೆ ಠಣ್ ಎನ್ನುವುದು 78. ಅದು ಅರಗು ಮತ್ತು ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು. ಕೈತಪ್ಪಿದರೆ ಚೂರು ಚೂರು. ಬಾಗುವುದು ವಿನೈಲ್, ಅಂದರೆ ಎಲ್‌ಪಿ ಮತ್ತು ಇಪಿ. ಲೇಬಲಿನ ನಂಬರೂ ವಿಷಯ ಹೇಳುತ್ತದೆ. ಗ್ರಾಮಾಫೋನ್ ಕಂಪನಿಯ ಭಾರತೀಯ ಪ್ಲೇಟುಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮೋನೋ (ಎರಡೂ ಸ್ಪೀಕರಿಗೆ ಒಂದೇ ಧ್ವನಿ). ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೋ. 7ಇಪಿಇ ಎಂದರೆ 45 ಸುತ್ತಿನ ಸಣ್ಣ ಪ್ಲೇಟು, ಇಪಿ. ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ಬಿಳಿ ಚುಕ್ಕೆ ಬೂಸ್ಟು, ಅದು ಹೋಗುತ್ತದೆ. ಇಡೀ ಮೇಲ್ಮೈ ಮಂಜು ಮುಸುಕಿದಂತಿದ್ದು ಉಜ್ಜಿದರೂ ಹೋಗದಿದ್ದರೆ, ಮೆತ್ತಗಿನ ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇಟ್ಟದ್ದರ ಫಲ, ಅದಕ್ಕೆ ಮದ್ದಿಲ್ಲ. ಉಗುರಿಗೆ ಸಿಕ್ಕುವ ಗೀರಿಗೂ ಮದ್ದಿಲ್ಲ. ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಎಲ್ಲರ ಮನೆಯಲ್ಲೂ ದಿನಾ ಬೆಳಿಗ್ಗೆ ಹಾಕುತ್ತಿದ್ದ ಪ್ಲೇಟು: ಎಂ.ಎಸ್. ಸುಬ್ಬುಲಕ್ಷ್ಮಿಯವರ 1963ರ ವೆಂಕಟೇಶ ಸುಪ್ರಭಾತ. ಅದು ಸಿಗುವುದು ಸುಲಭ, ಚೆನ್ನಾಗಿರುವುದು ಸಿಗುವುದು ಕಷ್ಟ.

ಸಾಗಿಸುವಾಗ ಒಂದರ ಮೇಲೊಂದು ಮಲಗಿಸಬಾರದು, ನಿಲ್ಲಿಸಿಯೇ ತರಬೇಕು. 78ಗಳ ನಡುವೆ ರಟ್ಟು ಇಟ್ಟು, ಹಳೇ ಬೈರಾಸಿನಲ್ಲಿ ಸುತ್ತಿ, ಅಲ್ಲಾಡದಂತೆ ಬಿಗಿಯಾಗಿ ತುಂಬಿದೆ. ಪೆಟ್ಟಿಗೆಗೆ 25 ಎಲ್‌ಪಿಗಿಂತ ಹೆಚ್ಚು ಬೇಡ, ತಳ ಹರಿಯುತ್ತದೆ. ಪಾರ್ಸೆಲಿಗೆ ಕೊಡುವ ಬದಲು ಕಾರಿನ ಹಿಂದಿನ ಸೀಟಿನಲ್ಲೇ ತಂದೆ, ಮಳೆ ಬಿಟ್ಟ ದಿನ ನೋಡಿ.

ಮನೆಗೆ ಬಂದ ಕೂಡಲೆ ಪ್ಲೇಟು ಹಾಕಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಹಾಕಬೇಡಿ. ಗೆರೆಯಲ್ಲಿ ಕೂತ ಮರಳಿನಂಥ ಧೂಳನ್ನು ಪ್ಲೇಯರಿನ ಮುಳ್ಳು ಅರೆಯುತ್ತಾ ಹೋದರೆ ಪ್ಲೇಟೂ ಹಾಳು, ಮುಳ್ಳೂ ಹಾಳು. ಮೊದಲ ಕೆಲಸ ಕವರು ಕಳಚುವುದು. ಒಳಗಿನ ಕಾಗದದ ಕವರುಗಳಲ್ಲೇ ಬೂಸ್ಟಿನ ಬೀಜ ಇರುವುದು, ಅವನ್ನು ಸುಡಿ. ಹೊರಗಿನ ಚಿತ್ರದ ಜಾಕೆಟನ್ನು ಮಾತ್ರ ಉಳಿಸಿ. ಅದರಲ್ಲಿ ಪಕ್ಕವಾದ್ಯದವರ ಹೆಸರು, ರಾಗ, ತಾಳ ಎಲ್ಲ ಇರುತ್ತದೆ, ಬೇರೆಲ್ಲೂ ಸಿಗದ ಮಾಹಿತಿ ಅದು. ಒಣ ಬ್ರಷ್ಷಿನಿಂದ ಹೊರಗೆ ಅಂಗಳದಲ್ಲಿ ಉಜ್ಜಿ. ಎನ್95 ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಅಸ್ತಮಾ ಇದ್ದವರು ಬೇರೆಯವರ ಕೈಯಲ್ಲಿ ಮಾಡಿಸಿ.

ತೊಳೆಯುವ ನೀರಿನ ವಿಷಯದಲ್ಲಿ ರಾಜಿ ಸಲ್ಲ. ನಮ್ಮ ಬಾವಿ, ಬೋರು, ನಳ್ಳಿ ಯಾವ ನೀರಾದರೂ ಒಣಗಿದ ಮೇಲೆ ಗೆರೆಯಲ್ಲಿ ಕಲೆ ಬಿಡುತ್ತದೆ, ಅದೇ ಮತ್ತೆ ಚಟಪಟ ಸದ್ದಾಗುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರಿನ 5 ಲೀಟರ್ ಕ್ಯಾನ್ ಸಿಗುತ್ತದೆ. ಎಲ್‌ಪಿಗೆ ನಾನು ಬಳಸಿದ ದ್ರಾವಣ: 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ವೆಟ್ಟಿಂಗ್ ಏಜೆಂಟಿನ 2-3 ಹನಿ. ಆ ಹನಿ ಇಲ್ಲದಿದ್ದರೆ ನೀರು ಗುಳ್ಳೆಗಟ್ಟಿ ಗೆರೆಯೊಳಗೆ ಇಳಿಯುವುದೇ ಇಲ್ಲ. ಮೆಡಿಕಲಿನ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದು ಜಿಡ್ಡು ಉಳಿಯುತ್ತದೆ.

78ರ ಪ್ಲೇಟಿಗೆ ಈ ದ್ರಾವಣದ ಒಂದು ಹನಿಯೂ ತಾಗಬಾರದು. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಹಾಡಿನ ಗೆರೆ ಕಣ್ಣೆದುರೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅದಕ್ಕೆ ಬರೀ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 1-2 ಹನಿ ಹಾಕಿ, ಬೇಗ ಬೇಗ ಉಜ್ಜಿ, ತೊಳೆದು, ಕೂಡಲೆ ಒರೆಸಬೇಕು. ನೆನೆ ಹಾಕಬಾರದು, ಒಳಗಿನ ಪುಡಿ ನೀರು ಹೀರುತ್ತದೆ. ಅದಕ್ಕಾಗಿ ಎರಡು ಬಾಟಲಿಗೂ ಬೇರೆ ಬಣ್ಣದ ಟೇಪ್ ಸುತ್ತಿ, 78ರ ಕೆಲಸ ಇರುವ ದಿನ ಆಲ್ಕೊಹಾಲಿನ ಬಾಟಲಿಯನ್ನು ಆ ಕೋಣೆಗೇ ತರಲಿಲ್ಲ.

ಉಜ್ಜುವುದು ಯಾವತ್ತೂ ಗೆರೆ ಹೋದ ದಿಕ್ಕಿನಲ್ಲಿ, ಸುತ್ತುತ್ತಾ. ಅಡ್ಡ ಉಜ್ಜಬಾರದು. ನಡುವಿನ ಲೇಬಲ್ ಒದ್ದೆಯಾಗದಂತೆ ಅದರ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಎರಡೂ ಬದಿಯಲ್ಲಿಟ್ಟು ನಡುವೆ ಬೋಲ್ಟ್ ಬಿಗಿದೆ. ಮೆತ್ತನೆ ಕೂದಲಿನ ಬ್ರಷ್ಷಿನಲ್ಲಿ ಒಂದೊಂದು ಬದಿಗೆ ಮೂರ್ನಾಲ್ಕು ಸುತ್ತು, ಎಲ್‌ಪಿಯಾದರೆ ಮಾತ್ರ ಎರಡು ನಿಮಿಷ ನೆನೆಯಲು ಬಿಟ್ಟು ಮತ್ತೆ ಮೂರ್ನಾಲ್ಕು ಸುತ್ತು, ಬಳಿಕ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆತ. ಬೂಸ್ಟು ಗಟ್ಟಿಯಾಗಿ ಕೂತಿದ್ದ ಎಲ್‌ಪಿಗಳಿಗೆ ಇದನ್ನೇ ಎರಡು ಸಲ ಮಾಡಬೇಕಾಯಿತು. ಫೆವಿಕಾಲ್ ಬಳಿದು ಸಿಪ್ಪೆ ಸುಲಿದಂತೆ ಎಳೆಯುವ ಒಂದು ವಿಧಾನ ಕೆಲವರು ಹೇಳುತ್ತಾರೆ. ಆರ್ದ್ರ ಹವೆಯಲ್ಲಿ ಅಂಟು ಸರಿಯಾಗಿ ಒಣಗದೆ ಗೆರೆಯಲ್ಲೇ ಉಳಿಯುವ ಅಪಾಯ ಇರುವುದರಿಂದ ನಮ್ಮ ಊರಿಗೆ ಅದು ಬೇಡ.

ಒಣಗಿಸುವುದೇ ನಿಜವಾದ ಕಾಯುವಿಕೆ. ಆಟಿ ಕಳೆದು ಬರುವ ಸೋಣ ತಿಂಗಳಲ್ಲೂ ಮಳೆ ಬಿಡಲಿಲ್ಲ. 300 ರೂಪಾಯಿಯ ಆರ್ದ್ರತೆ ಮಾಪಕ ಕೋಣೆಯಲ್ಲಿ ಶೇ. 85ರಿಂದ ಕೆಳಗಿಳಿಯುತ್ತಿರಲಿಲ್ಲ. ಆರ್ದ್ರತೆ ಶೇ. 65-70 ದಾಟಿದರೆ ಬೂಸ್ಟಿಗೆ ಹಬ್ಬ; ಅರ್ಧ ಒಣಗಿದ ಪ್ಲೇಟನ್ನು ಕವರಿಗೆ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಬಿಸಿಲು ಬಂದರೂ ಅಂಗಳದಲ್ಲಿ ಇಡುವಂತಿಲ್ಲ, ವಿನೈಲ್ ಬಿಸಿಗೆ ಮೆತ್ತಗಾಗಿ ಅಲೆಯಲೆಯಾಗುತ್ತದೆ. ತಟ್ಟೆ ಇಡುವ ಸ್ಟೀಲ್ ಸ್ಟ್ಯಾಂಡಿನಲ್ಲಿ ಪ್ಲೇಟುಗಳನ್ನು ನಿಲ್ಲಿಸಿ, ಏಸಿ ಇರುವ ಕೋಣೆಯಲ್ಲಿ ಡ್ರೈ ಮೋಡಿನಲ್ಲಿಟ್ಟು, ಫ್ಯಾನ್ ಹಾಕಿ ರಾತ್ರಿಯಿಡೀ ಬಿಟ್ಟರೆ ಸರಿಹೋಗುತ್ತದೆ. ಒಂದು ದಿನಕ್ಕೆ ಆರಕ್ಕಿಂತ ಹೆಚ್ಚು ಪ್ಲೇಟು ಹಿಡಿಯದಿರುವುದು ಒಳ್ಳೆಯದು, ಆತುರದಲ್ಲಿ ಕೈ ಜಾರುತ್ತದೆ. ಒಣಗಿದ್ದು ಹೊಸ ಪಾಲಿಥಿನ್ ಒಳಕವರಿಗೆ ಹೋಯಿತು, ತಲಾ ಸುಮಾರು 20 ರೂಪಾಯಿ. ಹೊರಗಿನ ಜಾಕೆಟಿಗೆ ಪಾಲಿಪ್ರೊಪಿಲೀನ್ ಕವರು. ದ್ರಾವಣ, ಬ್ರಷ್ಷು, ಕವರು ಎಲ್ಲ ಸೇರಿ 4,000 ರೂಪಾಯಿ ಹತ್ತಿರ ಹೋಯಿತು.

ಇನ್ನು ಪ್ಲೇಯರ್. ಅದೇ ಮನೆಯಲ್ಲಿ ಸೂಟ್‌ಕೇಸಿನಂಥ ಒಂದು ಹಳೇ ಪೋರ್ಟಬಲ್ ಪ್ಲೇಯರ್ ಇತ್ತು. ಮೋಟಾರು ತಿರುಗುತ್ತಿತ್ತು, ಸದ್ದಿಲ್ಲ. ಹಂಪನಕಟ್ಟೆ ಕಡೆಯ ಹಳೇ ರೇಡಿಯೋ ರಿಪೇರಿಯವರು ತಲೆ ಬಿಚ್ಚಿ ನೋಡಿ, "ಕ್ರಿಸ್ಟಲ್ ಹೋಗಿದೆ ಮಾರಾಯ್ರೆ, ಈ ಹವೆಗೆ ಅದು ನಿಲ್ಲುದಿಲ್ಲ" ಎಂದರು. ಅವರ ಮಾತು ಸರಿ. ಆ ಕಾಲದ ಅಗ್ಗದ ಕಾರ್ಟ್ರಿಜ್‌ಗಳಲ್ಲಿ (ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಇರುತ್ತಿದ್ದ ರೋಶೆಲ್ ಉಪ್ಪಿನ ಹರಳು ತೇವ ಹೀರಿ ಸಾಯುತ್ತದೆ. ಒತ್ತಿ ತಿರುಗಿಸುವ ರಬ್ಬರ್ ಚಕ್ರವೂ ಗಟ್ಟಿಯಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಅಂಥ ಪ್ಲೇಯರನ್ನು ನೆನಪಿಗೆ ಇಟ್ಟುಕೊಳ್ಳಿ, ಒಳ್ಳೇ ಎಲ್‌ಪಿ ಅದರ ಮೇಲೆ ಹಾಕಬೇಡಿ. ಭಾರದ ಮುಳ್ಳು ಗೆರೆಯನ್ನು ಕೊರೆಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಒಂದು ಅನುಕೂಲ ಉಂಟು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರು ತಂದ ಜಪಾನಿನ ಟರ್ನ್‌ಟೇಬಲ್‌ಗಳು (ಪ್ಲೇಟು ತಿರುಗಿಸುವ ಯಂತ್ರ) ಈಗಲೂ ಮನೆಗಳಲ್ಲಿ ಸಿಗುತ್ತವೆ. ಆದರೆ ಯಾವ ದೇಶದಿಂದ ತಂದದ್ದು ಎಂದು ಕೇಳಲೇಬೇಕು. ದುಬೈಯಲ್ಲಿ ನಮ್ಮ ಹಾಗೇ 50 ಹರ್ಟ್ಸ್ ಕರೆಂಟು. ಸೌದಿಯಲ್ಲಿ 60 ಹರ್ಟ್ಸ್. ಮೋಟಾರೇ ನೇರ ತಟ್ಟೆಯನ್ನು ತಿರುಗಿಸುವ ಡೈರೆಕ್ಟ್ ಡ್ರೈವ್ ಯಂತ್ರಕ್ಕೆ ಸಾಮಾನ್ಯವಾಗಿ ಇದು ಬಾಧಿಸುವುದಿಲ್ಲ. ಸಿಂಕ್ರೊನಸ್ ಮೋಟಾರಿನ ಬೆಲ್ಟ್ ಡ್ರೈವ್ ಯಂತ್ರವಾದರೆ ಕರೆಂಟಿನ ಹರ್ಟ್ಸ್ ಹೇಗೋ ವೇಗ ಹಾಗೆ. ಅಡಿ ಮಗುಚಿ ವೋಲ್ಟೇಜ್ ಸ್ವಿಚ್ 220ರಲ್ಲಿದೆಯೇ ಎಂದೂ ನೋಡಿ.

ನನಗೆ ಸಿಕ್ಕಿದ್ದು ಸೌದಿಯದ್ದು, ಬೆಲ್ಟ್ ಡ್ರೈವ್, 12,000 ರೂಪಾಯಿ. ತೋಳಿನ ಬೇರಿಂಗು ಎಷ್ಟು ಚೆನ್ನಾಗಿತ್ತೆಂದರೆ, ವೇಗದ ತೊಂದರೆ ಗೊತ್ತಿದ್ದೇ ತೆಗೆದುಕೊಂಡೆ. 60 ಹರ್ಟ್ಸಿನ ಯಂತ್ರ ಇಲ್ಲಿ 33⅓ರ ಬದಲು 27.8 ಸುತ್ತು ತಿರುಗುತ್ತದೆ. ಅಂದರೆ ಶ್ರುತಿ ಮೂರು ಸ್ವರಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಹಾರ್ಮೋನಿಯಂನ ಬಿಳಿ 5ನೇ ಮನೆಯ ಶ್ರುತಿಯಲ್ಲಿ ಹಾಡಿದ್ದು ಬಿಳಿ 3ಕ್ಕೆ ಬಂದು ಹೆಣ್ಣು ಕಂಠ ಗಂಡಾಗುತ್ತದೆ. ಇದಕ್ಕೆ ಪರಿಹಾರ ಮೋಟಾರಿನ ಪುಲ್ಲಿ ಬದಲಿಸುವುದು. 6ಕ್ಕೆ 5ರ ಅನುಪಾತ ಎಂದು 10 ಮಿ.ಮೀ. ಪುಲ್ಲಿಗೆ 12 ಮಿ.ಮೀ. ಮಾಡಿಸಿದರೆ ವೇಗ ಶೇ. 1ರಷ್ಟು ಕಮ್ಮಿಯೇ ಉಳಿಯುತ್ತದೆ, ಏಕೆಂದರೆ ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಬೆಲ್ಟು 0.6 ಮಿ.ಮೀ. ಇದ್ದರೆ 10.6ನ್ನು 1.2ರಿಂದ ಗುಣಿಸಿ, ಅದರಿಂದ 0.6 ಕಳೆಯಬೇಕು: 12.12 ಮಿ.ಮೀ. ಬೈಕಂಪಾಡಿಯ ಒಂದು ಲೇತ್ ಶಾಪಿನಲ್ಲಿ ಹಿತ್ತಾಳೆಯಲ್ಲಿ ಮಾಡಿಸಿದೆ. ಇಂಥ ಸಣ್ಣ ಕೆಲಸ ಹಿಡಿಯಲು ಅವರಿಗೆ ಪುರುಸೊತ್ತಿಲ್ಲ. ಅಳತೆ ಬರೆದ ಚಿತ್ರ, ಹಳೇ ಪುಲ್ಲಿ, ಮೋಟಾರು ಮೂರನ್ನೂ ಒಟ್ಟಿಗೆ ಕೊಟ್ಟರೆ ಕೆಲಸ ಬೇಗ ಆಗುತ್ತದೆ. 0.05 ಮಿ.ಮೀ. ವ್ಯತ್ಯಾಸವೂ ಶ್ರುತಿಯಲ್ಲಿ ಗೊತ್ತಾಗುತ್ತದೆಂದು ಮೊದಲೇ ಹೇಳಿ. ಯಂತ್ರ ಒಂದು ಗಂಟೆ ಓಡಿದ ಮೇಲೆ ಪ್ಲಗ್ ಕಿತ್ತು ಮೋಟಾರು ಮುಟ್ಟಿ ನೋಡಬೇಕು. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಆ ಮೋಟಾರು ಇಲ್ಲಿನ ಕರೆಂಟಿಗೆ ಆಗುವುದಿಲ್ಲ. ಹಳೇ ಬೆಲ್ಟು ಕರಗಿ ಡಾಮರಿನಂತೆ ಅಂಟಿತ್ತು, ಅದನ್ನು ಆಲ್ಕೊಹಾಲಿನಲ್ಲಿ ಒರೆಸಿ ತೆಗೆದೆ.

ವೇಗ ಸರಿಯಾಯಿತೇ ಎಂದು ನೋಡಲು 180 ಗೆರೆಯ ಸ್ಟ್ರೋಬ್ ಚಿತ್ರ (ಸುತ್ತಲೂ ಗೆರೆ ಇರುವ ಚಕ್ರ) ಪ್ರಿಂಟ್ ಹಾಕಿಸಿ ತಿರುಗುವ ತಟ್ಟೆಯ ಮೇಲೆ ಇಡುವುದು ಒಂದು ದಾರಿ. ನಮ್ಮ 50 ಹರ್ಟ್ಸಿನಲ್ಲಿ 33⅓ಕ್ಕೆ ಗೆರೆ ನಿಂತಂತೆ ಕಾಣಬೇಕು. ಎಲ್‌ಇಡಿ ಬಲ್ಬಿನಡಿ ಅದು ಕಾಣದೆ ಹೋಗಬಹುದು, ನಿಯಾನ್ ದೀಪ ಬೇಕು. ಆದರೆ ಇದಕ್ಕಿಂತ ನಂಬಿಕೆಯ ಪರೀಕ್ಷಕ ನಮ್ಮ ಸಂಗೀತದಲ್ಲೇ ಇದೆ, ತಂಬೂರಿ. ಪಿಯಾನೋ ಪ್ಲೇಟಿನಲ್ಲೂ ಸಿಗದಷ್ಟು ನಿರಂತರವಾದ ಸ್ಥಿರ ನಾದ ಅದು. ಬೆಲ್ಟು ಜಾರಿದರೆ ತಂಬೂರಿ ನಡುಗುತ್ತದೆ. ಪ್ಲೇಟಿನ ನಡುವಿನ ತೂತು ಸರಿಯಾಗಿ ಮಧ್ಯದಲ್ಲಿಲ್ಲದಿದ್ದರೆ 1.8 ಸೆಕೆಂಡಿಗೊಮ್ಮೆ ಷಡ್ಜ ಏರಿ ಇಳಿಯುತ್ತದೆ, ಏಕೆಂದರೆ ಎಲ್‌ಪಿ ಒಂದು ಸುತ್ತು ಬರುವುದು 1.8 ಸೆಕೆಂಡಿಗೆ. ಟಿಕ್ ಸದ್ದೂ ಅದೇ ಲೆಕ್ಕದಲ್ಲಿ ಬಂದರೆ ಗೀರು. ಲೆಕ್ಕವಿಲ್ಲದೆ ಬಂದರೆ ಕೊಳೆ, ಮತ್ತೊಮ್ಮೆ ತೊಳೆದರೆ ಹೋಗುತ್ತದೆ.

ಕಾರ್ಟ್ರಿಜ್‌ಗೆ ಆಡಿಯೋ-ಟೆಕ್ನಿಕಾ ವಿಎಂ95ಇ ಆರಿಸಿಕೊಂಡೆ. ಅದರ ಭಾರ 2 ಗ್ರಾಂ ಇಡಬೇಕು, 500 ರೂಪಾಯಿಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅದೇ ದೇಹಕ್ಕೆ 78ರ ದಪ್ಪ ಮುಳ್ಳನ್ನೂ ಹಾಕಬಹುದು ಎಂಬುದೇ ನಾನು ಅದನ್ನು ಆರಿಸಿದ ಕಾರಣ. ಎಲ್‌ಪಿ ಮುಳ್ಳಿನ ತುದಿ ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಸಣ್ಣದು, 78ಕ್ಕೆ ಬೇಕಾದ್ದು ಸುಮಾರು ಮೂರು ಭಾಗ. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಗೆರೆಯ ತಳದ ಕಸದಲ್ಲಿ ಉರುಳಾಡಿ ಬರೀ ಗೊರಗೊರ ಕೇಳುತ್ತದೆ.

ಆ 78ರ ಮುಳ್ಳು ಇಲ್ಲಿ ದಾಸ್ತಾನಿರಲಿಲ್ಲ, ಹೊರದೇಶದಿಂದ ತರಿಸಬೇಕಾಯಿತು. ಪಾರ್ಸೆಲ್ ಕಸ್ಟಮ್ಸಿನಲ್ಲಿ ನಿಂತಿತು. ಕೇಳಿದ್ದು ಆಧಾರ್ ಪ್ರತಿ, ಬಿಲ್ಲು, ಹಣ ಕೊಟ್ಟದ್ದಕ್ಕೆ ಪುರಾವೆ. ಎಲ್ಲ ಕೊಟ್ಟರೂ ಹೆಸರು ತಾಳೆಯಾಗುವುದಿಲ್ಲವೆಂದು ಕಾಗದಗಳು ವಾಪಸ್ ಬಂದವು: ಪಾರ್ಸೆಲಿನಲ್ಲಿ ಇನಿಷಿಯಲ್, ಆಧಾರಿನಲ್ಲಿ ಅದೇ ಬಿಡಿಸಿ ಬರೆದ ಊರು, ತಂದೆಯ ಹೆಸರು. ನಮ್ಮ ಕಡೆಯ ಹೆಸರುಗಳಿಗೆಲ್ಲ ಈ ತೊಡಕು ಇರುವುದರಿಂದ, ಆರ್ಡರ್ ಮಾಡುವಾಗಲೇ ಆಧಾರಿನಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಹೆಸರು ಹಾಕಿ. ಬಿಲ್ಲಿನಲ್ಲಿ "ರೆಕಾರ್ಡ್ ಪ್ಲೇಯರಿನ ಬಿಡಿಭಾಗ" ಎಂದು ಬರೆಯಲು ಮಾರುವವರಿಗೆ ಮೊದಲೇ ಹೇಳಿ. ಸುಂಕ, ಕೊರಿಯರಿನ ಸೇವಾ ಶುಲ್ಕ ಬೇರೆ. ವಸ್ತುವಿನ ಬೆಲೆಯ ಅರ್ಧದಷ್ಟು ಹಣ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡರೆ ಕಿರಿಕಿರಿ ಇರುವುದಿಲ್ಲ.

ಈ ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ನೇರ ಆಂಪ್ಲಿಫೈಯರಿನ ಆಕ್ಸ್‌ಗೆ ಸಿಕ್ಕಿಸಿದರೆ ಸೊಳ್ಳೆ ಹಾಡಿದಷ್ಟು ಸದ್ದು, ಮೃದಂಗದ ತೊಪ್ಪಿ (ಎಡಬದಿಯ ಮಂದ್ರ ನಾದ) ಇಲ್ಲವೇ ಇಲ್ಲ. ಸದ್ದು ಹಿಗ್ಗಿಸಿ ಮಂದ್ರ, ತಾರಗಳನ್ನು ತಿದ್ದಿ ಕೊಡುವ ಫೋನೋ ಪ್ರಿಆಂಪ್ ನಡುವೆ ಬೇಕು, ನನ್ನದಕ್ಕೆ 3,000 ರೂಪಾಯಿ. ಆಗ ಗುಂಯ್‌ಗುಡುವಿಕೆ ಶುರುವಾಯಿತು. ಹಳೇ ಮನೆಗಳ ಪ್ಲಗ್‌ಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುವುದುಂಟು. 50 ಹರ್ಟ್ಸಿನ ದುಪ್ಪಟ್ಟು 100 ಹರ್ಟ್ಸ್. ಬಿಳಿ 1ರಲ್ಲಿ ಹಾಡುವವರ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಹಾಗಾಗಿ ಈ ಗುಂಯ್ ತಂಬೂರಿಯ ಪಂಚಮಕ್ಕೇ ಅಪಶ್ರುತಿಯಾಗಿ ಅಂಟಿಕೊಂಡು ಆಲಾಪನೆಯನ್ನೇ ಕೆಡಿಸುತ್ತದೆ. ಟರ್ನ್‌ಟೇಬಲಿನ ನೆಲದ ತಂತಿಯನ್ನು ಪ್ರಿಆಂಪಿನ ತಿರುಪಿಗೆ ಬಿಗಿದು, ಇಲೆಕ್ಟ್ರಿಷಿಯನನ್ನು ಕರೆಸಿ ಅರ್ಥಿಂಗ್ ಗುಂಡಿ ಸರಿಮಾಡಿಸಿದ ಮೇಲೆ ನಿಂತಿತು.

ಮುಳ್ಳಿನ ಕೋನ ಹೊಂದಿಸುವ ಕೆಲಸಕ್ಕೆ ಸಮಯ ಕೊಡಿ ಎಂದು ಒತ್ತಿ ಹೇಳುತ್ತೇನೆ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆ.ಮೀ. ಓಡುತ್ತದೆ, ಲೇಬಲಿನ ಹತ್ತಿರ 20 ಚಿಲ್ಲರೆ ಮಾತ್ರ. ಅಷ್ಟೇ ಸ್ವರ ಅಷ್ಟು ಕಡಿಮೆ ಜಾಗದಲ್ಲಿ ಅಡಗಿರುವುದರಿಂದ ಒಳಗಿನ ಗೆರೆಯಲ್ಲೇ ಧ್ವನಿ ಒಡೆಯುವುದು ಹೆಚ್ಚು. ನಮ್ಮ ಸಂಗೀತದ ಕ್ರಮ ನೋಡಿ: ನಿಧಾನದ ಆಲಾಪನೆ, ವಿಲಂಬಿತ ಮೊದಲು, ದ್ರುತ, ತಾನ್, ಕಲ್ಪನಾಸ್ವರ ಕೊನೆಗೆ. ಅತಿ ವೇಗದ, ಅತಿ ತಾರದ ಭಾಗ ಬಂದು ಕೂರುವುದು ಅತಿ ಕೆಟ್ಟ ಜಾಗದಲ್ಲಿ. ಭೀಮಸೇನ ಜೋಶಿಯವರ ತಾನಿನ ಹೊತ್ತಿಗೆ ಧ್ವನಿ ಹರಿದರೆ ಪ್ಲೇಟು ಸವೆದಿದೆ ಎಂದು ಎಸೆಯಬೇಡಿ, ಮೊದಲು ಕೋನ ನೋಡಿ. 66 ಮತ್ತು 120.9 ಮಿ.ಮೀ. ತ್ರಿಜ್ಯದಲ್ಲಿ ಮುಳ್ಳು ಗೆರೆಗೆ ನೇರವಾಗುವಂತೆ ಹೊಂದಿಸುವ ಪ್ರೊಟ್ರಾಕ್ಟರನ್ನು ಅಳತೆ ಬದಲಾಗದಂತೆ ಪ್ರಿಂಟ್ ಹಾಕಿಸಿ, ಸ್ಕೇಲಿನಲ್ಲಿ ಅಳೆದು ನೋಡಿಯೇ ಬಳಸಿ. ಮೋನೋ ಪ್ಲೇಟಿಗೆ ಆಂಪ್ಲಿಫೈಯರಿನ ಮೋನೋ ಸ್ವಿಚ್ ಒತ್ತಿ, ಚಟಪಟ ಗಣನೀಯವಾಗಿ ಕಡಿಮೆಯಾಗುತ್ತದೆ.

ನನ್ನ ಯಂತ್ರದಲ್ಲಿ 78ರ ವೇಗ ಇಲ್ಲ. ಆ ಪ್ಲೇಟುಗಳನ್ನು 45ರಲ್ಲಿ ಓಡಿಸಿ ಕಂಪ್ಯೂಟರಿಗೆ ಹಿಡಿದು, ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ವೇಗ ಶೇ. 73.33 ಏರಿಸುತ್ತೇನೆ. ಪ್ರಿಆಂಪಿನ ತಿದ್ದುಪಡಿ ಈ ನಿಧಾನದಲ್ಲಿ ತಪ್ಪಾದ ಜಾಗದಲ್ಲಿ ಬೀಳುವುದರಿಂದ ಮಂದ್ರ, ತಾರಗಳನ್ನು ಆಮೇಲೆ ಕಿವಿಯಿಂದ ಸರಿಪಡಿಸಬೇಕು. ಮೂರೂಕಾಲು ನಿಮಿಷದಲ್ಲಿ ಒಂದು ರಾಗದ ಮುಖವನ್ನು ತೋರಿಸಿ ಮುಗಿಸಿದ ಆ ತಲೆಮಾರಿನವರ ಹಿಡಿತ ಕೇಳಿದ ಮೇಲೆ ಇಷ್ಟು ಕಷ್ಟ ಹೆಚ್ಚೆನಿಸುವುದಿಲ್ಲ. ಹಿರಿಯಮ್ಮನಿಗೆ ಅವುಗಳ ಪೆನ್‌ಡ್ರೈವ್ ಕೊಟ್ಟುಬಂದೆ. ಬೇರೆಯವರಿಗೆ ಹಂಚುವ ಮೊದಲು ನೆನಪಿರಲಿ: ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ.

ಈಗ ಎಲ್ಲ ಪ್ಲೇಟುಗಳೂ ಮಳೆ ಬಡಿಯುವ ಪಡುವಣ ಗೋಡೆಯಿಂದ ದೂರದ ಕಪಾಟಿನಲ್ಲಿ ನೇರ ನಿಂತಿವೆ. ಒಳಗೆ ಆರ್ದ್ರತೆ ಮಾಪಕ, ಅರ್ಧ ಕಿಲೋ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದಾಗ ಓವನಿನಲ್ಲಿ ಕಾಯಿಸಿ ಮತ್ತೆ ಇಡುವುದು. ನುಸಿಗುಳಿಗೆ ಹುಳಕ್ಕೆ ಆದೀತು, ಬೂಸ್ಟಿಗೆ ಆಗುವುದಿಲ್ಲ. ಗೆದ್ದಲು ಬರುವ ಮನೆಯಾದರೆ ಮರದ ಬದಲು ಸ್ಟೀಲ್ ಕಪಾಟೇ ಒಳ್ಳೆಯದು. ಬಾಗಿಲ ಒಳಬದಿಯಲ್ಲಿ ಒಂದು ನೋಟುಪುಸ್ತಕ ತೂಗುಹಾಕಿ, ಹಾಕಿದ ಪ್ರತಿ ಎಲ್‌ಪಿಗೆ ಒಂದು ಗೀಟು ಎಳೆಯುತ್ತೇನೆ. ಈ ಮುಳ್ಳಿನ ಆಯುಸ್ಸು ಸುಮಾರು 300 ಗಂಟೆ, ಮುಕ್ಕಾಲು ಗಂಟೆಯ ಎಲ್‌ಪಿ ಆದರೆ 400. ಗೀಟು 350 ದಾಟಿದ ಕೂಡಲೆ ಹೊಸ ಮುಳ್ಳಿಗೆ ಆರ್ಡರ್ ಮಾಡಿಬಿಡಿ. ಮುಳ್ಳು ತರಿಸುವ ಪಾಡು ಏನೆಂದು ಮೇಲೆ ಹೇಳಿದ್ದೇನಲ್ಲ.